ಗೋದಲಿಯ ಎತ್ತು

ಆಯನೂರಿನಲ್ಲಿ, ಸಾಗರದ ಹೆದ್ದಾರಿ ಬಿಟ್ಟು ರಿಪ್ಪನ್‌ಪೇಟೆ ಕಡೆ ಹೋಗುವ ದಾರಿಗೆ ಹೊಂದಿಕೊಂಡ ಒಂದು ಹೆಂಚಿನ ಮನೆ. ಡಿಸೆಂಬರ್ 20, ಶನಿವಾರದ ಸಂಜೆ. ಜಗಲಿ ಮೇಲೆ ಹಲಗೆ, ಹುಲ್ಲು, ಉಳಿ, ಅಂಟಿನ ಡಬ್ಬಿ. ಮಾತಾಡುವವರು ಇಬ್ಬರು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಇನ್ನೊಬ್ಬ ಅವರ ಹಳೆಯ ಶಿಷ್ಯ. ಮಾಚೇನಹಳ್ಳಿಯ ಫೌಂಡ್ರಿಯೊಂದರ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತು ವರ್ಷ ಮರ ಕೆತ್ತಿ ಬಂದವನು, ಚರ್ಚಿನಲ್ಲಿ ವಾಚನ ಓದುವವನು. ಅಣ್ಣ ಪಾದ್ರಿಯಾಗಿದ್ದರಿಂದ ಮನೆಯಲ್ಲಿ ಪುಸ್ತಕಕ್ಕೆ ಬರವಿಲ್ಲ. ನಡುವೆ ಅವನ ಹೆಂಡತಿ ಬಂದು ಹೋಗುತ್ತಾಳೆ.

— ಬನ್ನಿ ಮೇಷ್ಟ್ರೇ. ಆ ಕುರ್ಚಿ ಬೇಡ, ಅದರ ಮೇಲೆ ಅಂಟು ಚೆಲ್ಲಿದೆ. ಈ ಕಡೆ ಕೂತ್ಕೊಳ್ಳಿ.

— ಈ ಸಲ ಗೋದಲಿ ದೊಡ್ಡದಾಗಿದೆಯಲ್ಲೋ. ಹುಲ್ಲು ಹೊಸದು, ಇನ್ನೂ ಗದ್ದೆ ವಾಸನೆ ಹೋಗಿಲ್ಲ. ಆ ತಟ್ಟೆಯಲ್ಲಿರೋದು ಎಂತ, ರಾಗಿ ಪೈರಾ?

— ಮನೆಯವಳು ಬಿತ್ತಿದ್ದು. ಹಬ್ಬದ ಹೊತ್ತಿಗೆ ಬೆರಳುದ್ದ ಆಗತ್ತೆ. ಅದೇ ನಮ್ಮ ಬೆತ್ಲೆಹೇಮಿನ ಹುಲ್ಲುಗಾವಲು.

— ಈ ಎತ್ತಿಗೆ ಒಂದೇ ಕೊಂಬು.

— ಮೊಮ್ಮಗ ಬೀಳಿಸಿದ. ಇನ್ನೊಂದನ್ನ ಹಲಸಿನ ಚೂರಲ್ಲಿ ಕೆತ್ತಿದೀನಿ, ಇಗೋ. ಅಂಟಿಸೋದೊಂದು ಬಾಕಿ.

— ಅಲ್ಲ ಮಾರಾಯ, ನಿನ್ನೆ ರಾತ್ರಿ ನೀನು ಕೊಟ್ಟ ಬೈಬಲ್ ತೆಗೆದು ಯೇಸು ಹುಟ್ಟಿದ ಕಥೆ ಓದಿದೆ. ಮತ್ತಾಯ, ಲೂಕ ಎರಡೂ. ಕುರಿ ಕಾಯೋರು ಬರ್ತಾರೆ, ಮೂಡಲ ದೇಶದ ಜೋಯಿಸರು ಬರ್ತಾರೆ. ಎತ್ತು ಎಲ್ಲೂ ಇಲ್ಲ, ಕತ್ತೆಯೂ ಇಲ್ಲ. ಲೂಕನಲ್ಲಿ ಗೋದಲಿ ಒಂದಿದೆ, ಅಷ್ಟೇ.

— ನೋಡಿದ್ರಾ! ನಾನು ಇಷ್ಟು ವರ್ಷ ಗೋದಲಿ ಕಟ್ಟಿದೀನಿ, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಎತ್ತು, ಕತ್ತೆ ಬಂದಿರೋದು ಸುವಾರ್ತೆಯಿಂದಲ್ಲ. ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ. ಅಲ್ಲಿ ದೇವರು ತನ್ನ ಜನರ ಮೇಲೆ ದೂರು ಹೇಳ್ತಾನೆ. ಎತ್ತಾದರೂ ಸಾಕಿದವನನ್ನ ಗುರುತು ಹಿಡಿಯತ್ತೆ, ಕತ್ತೆಗಾದರೂ ಮೇವು ಹಾಕೋ ಗೋದಲಿ ಯಾವುದು ಅಂತ ಗೊತ್ತು, ಇವರಿಗೆ ಅಷ್ಟೂ ಇಲ್ಲ ಅಂತ.

— ಅಂದ್ರೆ ಅದು ಬೈಗುಳ.

— ಬೈಗುಳವೇ. ಯೇಸು ಹುಟ್ಟೋ ಮುಂಚೆ ಯೆಹೂದ್ಯರೇ ತಮ್ಮ ಹೀಬ್ರೂ ಗ್ರಂಥಗಳನ್ನ ಗ್ರೀಕಿಗೆ ಮಾಡಿಕೊಂಡಿದ್ರು, ಸೆಪ್ಟುವಜಿಂಟ್ ಅಂತ. ಅದರಲ್ಲಿ ಯೆಶಾಯನ ಗೋದಲಿಗೆ ಫಾತ್ನೆ ಅನ್ನೋ ಶಬ್ದ. ಲೂಕ ಬರೆದದ್ದೂ ಗ್ರೀಕಿನಲ್ಲಿ. ಮಗೂನ ಮಲಗಿಸಿದ ಗೋದಲಿಗೂ ಅದೇ ಫಾತ್ನೆ. ಎರಡು ಕಡೆ ಒಂದೇ ಶಬ್ದ ಕಂಡದ್ದೇ ತಡ, ಓದೋರು ಗಂಟು ಹಾಕಿದ್ರು. ಅಸ್ಸೀಸಿಯ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ನಿಜವಾದ ಎತ್ತು ಕತ್ತೆ ಕಟ್ಟಿ ಕ್ರಿಸ್‌ಮಸ್ ಮಾಡಿದ. ಅಲ್ಲಿಂದ ನಡೆದು ನಡೆದು ಆಯನೂರಿಗೂ ಬಂದಿದೆ ಈ ಜೋಡಿ.

— ಬೈಗುಳ ದಾರಿಯಲ್ಲಿ ಉದುರಿಹೋಯ್ತು, ಎತ್ತು ಮಾತ್ರ ಮನೆ ಸೇರ್ತು.

— ಹಂಗೆ ಅನ್ನಬಹುದು.

— ನಿಮ್ಮೋರು ಆ ಪ್ರವಾದಿಗಳ ಪುಸ್ತಕ ಪೂರಾ ಹಿಂಗೇ ಓದ್ತೀರಾ ಅಂತ ನನಗೆ ಅನುಮಾನ. ಪ್ರವಾದಿ ಅನ್ನೋ ಶಬ್ದವನ್ನೇ ತಗೊ. ಪ್ರ ಅಂತ ಉಪಸರ್ಗ, ವದ್ ಅಂತ ಧಾತು. ಎದುರು ನಿಂತು ಸಾರಿ ಹೇಳೋನು. ಮುಸ್ಲಿಮರೂ ಕನ್ನಡದಲ್ಲಿ ಬರೆಯುವಾಗ ಪ್ರವಾದಿ ಅಂತಲೇ ಬರೀತಾರೆ. ಇದರಲ್ಲಿ ಭವಿಷ್ಯ ಎಲ್ಲಿದೆ? ಆದರೆ ನಿಮ್ಮ ಜನರನ್ನ ಕೇಳಿದ್ರೆ ಪ್ರವಾದನೆ ಅಂದ್ರೆ ಮುಂದೆ ಆಗೋದನ್ನ ಹೇಳೋದು ಅಂತಾರೆ.

— ಗ್ರೀಕಿನ ಪ್ರೊಫೆಟೆಸ್ ಕೂಡ ಒಬ್ಬರ ಪರವಾಗಿ ನಿಂತು ಮಾತಾಡೋನೇ. ಹೀಬ್ರೂವಿನಲ್ಲಿ ನವೀ. ಮುಸ್ಲಿಮರು ನಬಿ ಅಂತಾರಲ್ಲ, ಅದರ ಅಣ್ಣತಮ್ಮ ಶಬ್ದ.

— ಮೈಲಾರದ ಕಾರ್ಣಿಕಕ್ಕೆ ನಾನು ಒಂದು ಸಲ ಹೋಗಿದ್ದೆ. ಹೂವಿನಹಡಗಲಿ ತಾಲ್ಲೂಕು, ಭರತ ಹುಣ್ಣಿಮೆ ಜಾತ್ರೆ. ಉಪವಾಸ ಇದ್ದ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂತಾನೆ. ಜಾತ್ರೆಗೆ ಜಾತ್ರೆಯೇ ಉಸಿರು ಹಿಡಿದು ನಿಲ್ಲತ್ತೆ. ಹೇಳೋದು ಒಂದೇ ಮಾತು. ಸಂಜೆಯೊಳಗೆ ಒಬ್ಬ ಮಳೆ ಚೆನ್ನಾಗಿದೆ ಅಂತಾನೆ, ಒಬ್ಬ ಸರ್ಕಾರ ಬೀಳತ್ತೆ ಅಂತಾನೆ, ಇನ್ನೊಬ್ಬ ಮೆಣಸಿನಕಾಯಿ ರೇಟು ಏರತ್ತೆ ಅಂತಾನೆ. ವರ್ಷ ಕಳೆದ ಮೇಲೆ ನೋಡಿದ್ರೆ ಮೂವರದ್ದೂ ನಿಜವೇ! ನೀವೂ ಆದ ಮೇಲೆ ಅರ್ಥ ಮಾಡಿಕೊಂಡೋರು ಅಂತ ನಾನು ಅಂದ್ರೆ ಬೇಜಾರಾಗತ್ತಾ?

— ಬೇಜಾರಿಲ್ಲ. ಆದ ಮೇಲೆ ಅರ್ಥ ಮಾಡಿಕೊಂಡದ್ದೇ ಹೌದು. ಶಿಷ್ಯರು ಮೊದಲು ಯೇಸುವನ್ನ ಕಂಡ್ರು, ಶಿಲುಬೆ ಕಂಡ್ರು, ಆಮೇಲೆ ಹಳೇ ಪುಸ್ತಕ ಬಿಚ್ಚಿ 'ಅಯ್ಯೋ, ಇಲ್ಲೇ ಇತ್ತಲ್ಲ' ಅಂದ್ರು. ಪುಸ್ತಕ ಹಿಡಿದು ಗುರುತು ಹುಡುಕಿಕೊಂಡು ಹೋದೋರಲ್ಲ. ಆದರೆ ಯೆಶಾಯ ಬಿಲ್ಲೇರಿ ಒಂದು ಮಾತು ಹೇಳಿ ಇಳಿದವನಲ್ಲ ಮೇಷ್ಟ್ರೇ. ಸುಮಾರು ನಲವತ್ತು ವರ್ಷ ಜೆರುಸಲೇಮಿನ ರಾಜರ ಬೆನ್ನು ಬಿದ್ದವನು. ನಾಳೆಯ ವಾಚನವೇ ಅವನದು, ಏಳನೆಯ ಅಧ್ಯಾಯ. ಅದಕ್ಕೇ ಬೆಳಿಗ್ಗೆಯಿಂದ ನಾಲ್ಕು ಸಲ ಓದಿದೆ.

— ಓದಿ ಹೇಳಬೇಡ, ಕಥೆ ಹೇಳು.

— ಕ್ರಿಸ್ತಪೂರ್ವ 734ರ ಸುಮಾರು. ಯೆಹೂದದ ರಾಜ ಆಹಾಜ. ದಮಸ್ಕದ ರಾಜ, ಉತ್ತರದ ಇಸ್ರಯೇಲಿನ ರಾಜ ಇಬ್ಬರೂ ಸೇರಿ ಅವನ ಮೇಲೆ ದಂಡೆತ್ತಿ ಬರ್ತಿದಾರೆ. ಆಹಾಜ ಊರಾಚೆ ಕೆರೆಯ ಕಾಲುವೆ ಹತ್ತಿರ ಇದಾನೆ, ಅಗಸರ ಹೊಲಕ್ಕೆ ಹೋಗೋ ದಾರಿಯಲ್ಲಿ. ಯೆಶಾಯ ತನ್ನ ಮಗನನ್ನ ಕರಕೊಂಡು ಅಲ್ಲಿಗೇ ಹೋಗ್ತಾನೆ. ಹೆದರಬೇಡ, ಒಂದು ಗುರುತು ಕೇಳು ಅಂತಾನೆ. ರಾಜ ದೇವರನ್ನ ಪರೀಕ್ಷೆ ಮಾಡೋದಿಲ್ಲ ಅಂತ ಭಕ್ತಿ ನಟಿಸ್ತಾನೆ. ಒಳಗೊಳಗೆ ಅಸ್ಸೀರಿಯದ ಸಹಾಯ ತಗೊಳ್ಳೋ ಲೆಕ್ಕಾಚಾರ. ಆಗ ಯೆಶಾಯ, ಕೇಳದಿದ್ರೂ ಕೊಡ್ತೀನಿ ತಗೊ ಅಂತ ಗುರುತು ಹೇಳ್ತಾನೆ. ಒಬ್ಬಳು ಗರ್ಭಿಣಿಯಾಗ್ತಾಳೆ, ಮಗು ಹುಟ್ಟತ್ತೆ, ಹೆಸರು ಇಮ್ಮಾನುವೇಲ. ದೇವರು ನಮ್ಮ ಸಂಗಡ ಅಂತ ಅರ್ಥ.

— ಅಲ್ಲಿಗೆ ಮುಗೀತಾ?

— ನಾಳೆಯ ವಾಚನ ಹತ್ತನೇ ವಚನದಿಂದ ಹದಿನಾಲ್ಕರವರೆಗೆ. ಅಲ್ಲಿಗೆ ಮುಗಿಯತ್ತೆ. ಪುಸ್ತಕದಲ್ಲಿ ಮುಗಿಯಲ್ಲ. ಹದಿನೈದು, ಹದಿನಾರು ಇದೆ. ಆ ಮಗು ಮೊಸರು ಜೇನು ತಿನ್ನತ್ತೆ. ಅದಕ್ಕೆ ಒಳ್ಳೇದು ಕೆಟ್ಟದ್ದು ತಿಳಿಯೋ ಹೊತ್ತಿಗೆ ನಿನ್ನನ್ನ ಹೆದರಿಸ್ತಿರೋ ಇಬ್ಬರು ರಾಜರ ನೆಲ ಹಾಳು ಬಿದ್ದಿರತ್ತೆ ಅಂತ.

— ಹಾಗಾದ್ರೆ ಮಗು ಗಡಿಯಾರ! ಇನ್ನು ಮೂರು ನಾಲ್ಕು ವರ್ಷ ತಡಕೋ ಅಂತ ರಾಜನಿಗೆ ಹೇಳಿದ ಲೆಕ್ಕ.

— ಲೆಕ್ಕ ಸರಿಹೋಯ್ತು ಕೂಡ. 732ರಲ್ಲಿ ಅಸ್ಸೀರಿಯದವರು ದಮಸ್ಕ ಹಿಡಿದ್ರು, ಹತ್ತು ವರ್ಷಕ್ಕೆ ಇಸ್ರಯೇಲಿನ ರಾಜಧಾನಿ ಸಮಾರ್ಯವೂ ಹೋಯ್ತು.

— ಮತ್ತೆ ಏಳುನೂರು ವರ್ಷ ಆದ ಮೇಲೆ ಹುಟ್ಟೋ ಮಗು ಆಹಾಜನಿಗೆ ಎಂತ ಗುರುತು? ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವನಿಗೆ, ನಿನ್ನ ಮರಿಮಗನ ಕಾಲಕ್ಕೆ ಒಳ್ಳೇ ಮಳೆ ಇದೆ ಅಂದ ಹಾಗಾಯ್ತು. ಮತ್ತೆ ನಿಮ್ಮೋರು ಕತ್ತರಿ ಹಾಕಿದ್ದು ಸರಿಯಾಗಿ ಆ ಗಡಿಯಾರದ ಮೇಲೆ.

— ಕತ್ತರಿ ಹಾಕಿದೋರಿಗೆ ಕಾರಣ ಇದೆ. 1969ರಲ್ಲಿ ಹೊಸ ವಾಚನಪಟ್ಟಿ ಮಾಡಿದಾಗ ಭಾನುವಾರದ ಮೊದಲ ವಾಚನವನ್ನ ಸುವಾರ್ತೆಗೆ ಜೋಡಿಯಾಗಲಿ ಅಂತ ಆರಿಸಿದ್ರು. ನಾಳೆ ಮತ್ತಾಯನ ಮೊದಲ ಅಧ್ಯಾಯ. ಅವನು ಈ ಮಾತನ್ನೇ ಎತ್ತಿಕೊಂಡಿದಾನೆ. ಅದಕ್ಕೆ ಬೇಕಾದಷ್ಟೇ ತುಂಡು. ಒಪ್ಪಿಕೊಳ್ತೀನಿ, ತುಂಡು ಕೇಳಿದೋರಿಗೆ ಆಹಾಜನ ಕಾಲುವೆ ಕಾಣೋದಿಲ್ಲ.

— ಒಬ್ಬಳು ಗರ್ಭಿಣಿಯಾಗ್ತಾಳೆ ಅಂದೆಯಲ್ಲ, ಯಾರು ಆ ಒಬ್ಬಳು? ನಿನ್ನ ಬೈಬಲಿನಲ್ಲಿ ಕನ್ಯೆ ಅಂತ ಓದಿದ ನೆನಪು.

— ಜಗಳ ಇರೋದೇ ಅಲ್ಲಿ. ಹೀಬ್ರೂವಿನಲ್ಲಿ ಅಲ್ಮಾ, ಅಂದ್ರೆ ಪ್ರಾಯಕ್ಕೆ ಬಂದ ಹುಡುಗಿ. ಗ್ರೀಕಿಗೆ ಮಾಡಿದ ಯೆಹೂದ್ಯರು ಪಾರ್ಥೆನೋಸ್ ಅಂತ ಹಾಕಿದ್ರು. ಅದಕ್ಕೆ ಗಂಡು ಮುಟ್ಟದವಳು ಅನ್ನೋ ಅರ್ಥ ಗಟ್ಟಿ. ಮತ್ತಾಯ ಓದಿದ್ದು ಗ್ರೀಕು. ಎರಡನೇ ಶತಮಾನದಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತ, ಟ್ರಿಫೋ ಅನ್ನೋ ಯೆಹೂದ್ಯನ ಜೊತೆ ಮಾತಾಡಿದ ಹಾಗೆ ಒಂದು ದೊಡ್ಡ ಸಂವಾದ ಬರೆದಿದಾನೆ. ಟ್ರಿಫೋ ಅಂತಾನೆ, ಅದು ಬರೀ ಯುವತಿ ಕಣಯ್ಯ, ಆ ಮಗು ಆಹಾಜನ ಮಗ ಹಿಜ್ಕೀಯ. ಜಸ್ಟಿನ್ ಒಪ್ಪಲ್ಲ. ಅದೇ ಕಾಲದಲ್ಲಿ ಅಕ್ವಿಲ ಅನ್ನೋ ಯೆಹೂದ್ಯ ಭಾಷಾಂತರಕಾರ ಗ್ರೀಕಿಗೆ ಹೊಸದಾಗಿ ಮಾಡಿ ಪಾರ್ಥೆನೋಸ್ ತೆಗೆದು ಯುವತಿ ಅನ್ನೋ ಶಬ್ದ ಹಾಕಿದ. ಸಾವಿರದೆಂಟುನೂರು ವರ್ಷದಿಂದ ಆ ಮಾತು ಮುಗಿದಿಲ್ಲ.

— ಕನ್ನಡದಲ್ಲಿ ಆ ಜಗಳ ಆಗೋದೇ ಇಲ್ಲ, ಗೊತ್ತಾ? ಕನ್ಯೆ ಅನ್ನೋ ಶಬ್ದವೇ ಎರಡೂ ಕಡೆ ವಾಲತ್ತೆ. ಹುಬ್ಬಳ್ಳಿ ಕಡೆ 'ಕನ್ಯಾ ನೋಡಾಕ ಹೊಂಟೀವಿ' ಅಂತಾರೆ. ಹೆಣ್ಣು ನೋಡೋದು ಅಂತ ಅಷ್ಟೇ ಅರ್ಥ. ಕನ್ಯಾದಾನ ಅಂದ್ರೂ ಮದುವೆ ವಯಸ್ಸಿನ ಮಗಳನ್ನ ಧಾರೆ ಎರೆಯೋದು. ಅದೇ ಶಬ್ದವನ್ನ ಚರ್ಚಿನಲ್ಲಿ ಕನ್ಯಾಮರಿಯಮ್ಮ ಅಂದಾಗ ಬೇರೆ ತೂಕ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ತಂದ, ಆಮೇಲೆ ಬಾಸೆಲ್ ಮಿಷನ್ನವರು ತಿದ್ದಿದ್ರು. ಅವರೆಲ್ಲರ ಮುಂದೆಯೂ ಈ ಹೆಣ್ಣು ಬಂದು ನಿಂತಿರಬೇಕು. ನಮ್ಮ ಭಾಷೆ ಅವರನ್ನ ಸುಲಭವಾಗಿ ಬಿಟ್ಟುಬಿಡ್ತು.

— ಕನ್ನಡದ ಈ ಉಪಕಾರ ನನಗೆ ಹೊಳೆದಿರಲಿಲ್ಲ.

— ಉಪಕಾರವೋ, ಮುಚ್ಚಾಟವೋ. ಇರಲಿ, ಆ ಕತ್ತೆ ಕೊಡು ಇಲ್ಲಿ. ಇದೂ ಬೈಗುಳದ ಕತ್ತೆಯೋ, ಬೇರೆಯದೋ?

— ಗೋದಲಿಯ ಕತ್ತೆ ಬೈಗುಳದ್ದು. ಯೇಸು ಜೆರುಸಲೇಮಿಗೆ ಏರಿ ಬಂದ ಗರಿಗಳ ಭಾನುವಾರದ ಕತ್ತೆ ಪ್ರವಾದಿ ಜೆಕರ್ಯನದು. ಅದರದ್ದೊಂದು ತಮಾಷೆ ಇದೆ. ಅರಸ ಕತ್ತೆ ಮೇಲೆ ಬರ್ತಾನೆ, ಮರಿಗತ್ತೆ ಮೇಲೆ ಬರ್ತಾನೆ ಅಂತ ಜೆಕರ್ಯ ಎರಡು ಸಲ ಹೇಳ್ತಾನೆ. ಮಾರ್ಕ, ಲೂಕ, ಯೊವಾನ್ನ ಮೂವರಲ್ಲೂ ಒಂದೇ ಕತ್ತೆ. ಮತ್ತಾಯನಲ್ಲಿ ಮಾತ್ರ ತಾಯಿ, ಮರಿ ಎರಡೂ ಬರ್ತವೆ, ಎರಡರ ಮೇಲೂ ಬಟ್ಟೆ ಹಾಸ್ತಾರೆ!

— ಅಯ್ಯೋ ಪಾಪ. ಅದು ಹಾಡಿನ ರೀತಿ ಅಲ್ವೇನೋ. ನಮ್ಮ ಹಂತಿ ಪದದಲ್ಲಿ, ಬೀಸೋ ಪದದಲ್ಲಿ ಒಂದೇ ಮಾತನ್ನ ತಿರುಗಿಸಿ ಇನ್ನೊಂದು ಸಲ ಹೇಳ್ತಾರೆ. ಕೇಳಿದೋರು ಎರಡು ಕೋಣ ಕಟ್ಟಿದ್ರು ಅಂತ ಲೆಕ್ಕ ಹಾಕ್ತಾರಾ?

— ಹೀಬ್ರೂ ಕವಿತೆಯ ಚಾಳಿಯೇ ಅದು. ಮತ್ತಾಯನಿಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ; ಅವನೂ ಯೆಹೂದ್ಯನೇ. ಒಂದು ಅಕ್ಷರವೂ ಬಿದ್ದುಹೋಗಬಾರದು ಅನ್ನೋ ಆಸೆ ಅಷ್ಟು. ಆದರೆ ಅದೇ ಮತ್ತಾಯ ಇನ್ನೊಂದು ಕಡೆ ಮಾಡಿದ ಕೆಲಸ ನನ್ನ ಕಸುಬಿಗೆ ಹತ್ತಿರದ್ದು. ಹೆರೋದನಿಗೆ ಹೆದರಿ ಯೋಸೇಫ ಮಗೂನ ಐಗುಪ್ತಕ್ಕೆ ಕರಕೊಂಡು ಹೋಗ್ತಾನೆ, ವಾಪಸ್ ಬರ್ತಾನೆ. ಮಗನನ್ನ ಐಗುಪ್ತದಿಂದ ಕರೆದೆ ಅಂತ ಪ್ರವಾದಿ ಹೊಶೇಯ ಹೇಳಿದ ಮಾತು ಇದರಿಂದ ನೆರವೇರ್ತು ಅಂತ ಮತ್ತಾಯ ಬರೀತಾನೆ.

— ಹೊಶೇಯ ಯಾರ ಬಗ್ಗೆ ಹೇಳಿದ್ದು?

— ಇಸ್ರಯೇಲ್ ಜನಾಂಗದ ಬಗ್ಗೆ. ಮೋಶೆ ಕಾಲದಲ್ಲಿ ದಾಸ್ಯದಿಂದ ಬಿಡಿಸಿ ತಂದದ್ದು. ಹಿಂದೆ ಆದದ್ದು, ಮುಂದೆ ಆಗೋದಲ್ಲ. ಅದರ ಮುಂದಿನ ಸಾಲಿನಲ್ಲೇ, ಕರೆದಷ್ಟೂ ದೂರ ಹೋದ, ಬಾಳ ಅನ್ನೋ ಬೇರೆ ದೇವರಿಗೆ ಬಲಿ ಕೊಟ್ಟ ಅಂತ ಆ ಮಗನ ಮೇಲೆ ದೂರಿದೆ. ಅದನ್ನ ಯೇಸುವಿಗೆ ಹೊಂದಿಸೋಕೆ ಆಗಲ್ಲ, ಮತ್ತಾಯನಿಗೆ ಅದೂ ಗೊತ್ತು.

— ಮತ್ತೆ ನೆರವೇರ್ತು ಅಂದ್ರೆ ಎಂತ ಅರ್ಥ?

— ಅಲ್ಲೇ ನಾನು ಪ್ಯಾಟರ್ನ್ ಅಂತ ಹೇಳೋದು. ನಮ್ಮ ಶಾಪಿನಲ್ಲಿ ಏನು ಮಾಡ್ತಿದ್ವಿ ಹೇಳಿ? ಎರಕ ಬೇಕಾದ ವಸ್ತುವನ್ನ ಮೊದಲು ತೇಗದಲ್ಲಿ ಕೆತ್ತೋದು. ಅದನ್ನ ಬಾಕ್ಸಿನಲ್ಲಿಟ್ಟು ಸುತ್ತ ಮರಳು ಬಡಿದು ತುಂಬೋದು. ಮರ ತೆಗೆದ್ರೆ ಮರಳಲ್ಲಿ ಅದರ ಗುಳಿ ಉಳಿಯತ್ತೆ, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯೋದು. ಎರಕ ಮರವಲ್ಲ, ಮರದ ಹಾಗಿರತ್ತೆ ಅಷ್ಟೇ. ಅಳತೆಯೂ ಒಂದೇ ಅಲ್ಲ. ಕಬ್ಬಿಣ ಆರಿದಾಗ ಕುಗ್ಗತ್ತಲ್ಲ, ಅದಕ್ಕೆ ಮರವನ್ನ ಕೊಂಚ ದೊಡ್ಡದಾಗಿ ಮಾಡ್ತೀವಿ. ಮೀಟರಿಗೆ ಸೆಂಟಿಮೀಟರ್ ಹತ್ತಿರ. ಅದಕ್ಕೆಂದೇ ಬೇರೆ ಸ್ಕೇಲು; ಮನೆಗೆ ತಂದು ಅದರಲ್ಲಿ ಕಿಟಕಿ ಅಳೆದ್ರೆ ಕಿಟಕಿ ಕೂರಲ್ಲ. ನಾನು ಒಂದು ಸಲ ಮಾಡಿದೀನಿ ಆ ಎಡವಟ್ಟನ್ನ.

— ನಿನ್ನ ಕಿಟಕಿ ಬಿಡು, ಹೊಶೇಯನಿಗೆ ಬಾ.

— ಬಂದೆ. ಐಗುಪ್ತ, ದಾಸ್ಯ, ಕರೆ, ಬಿಡುಗಡೆ, ಅಡವಿ. ಇದು ಆ ಜನ ಬಾಳಿ ನೋಡಿದ ಆಕಾರ. ಯೇಸುವಿನ ಬದುಕು ಅದೇ ಆಕಾರದಲ್ಲಿ ಬಿತ್ತು ಅಂತ ಮತ್ತಾಯನಿಗೆ ಕಂಡಿತು. ಪೌಲ ಆದಾಮನನ್ನ ಬರಬೇಕಾದವನ ಟೈಪೋಸ್ ಅಂತ ಕರೀತಾನೆ. ಟೈಪೋಸ್ ಅಂದ್ರೆ ಬಡಿದಾಗ ಮೂಡೋ ಗುರುತು, ಅಚ್ಚು. ನಮ್ಮ ಪಂಡಿತರು ಇದನ್ನ ದೊಡ್ಡ ಶಾಸ್ತ್ರ ಮಾಡಿದಾರೆ. ನನಗೆ ಅದು ಬಾಕ್ಸಿನ ಮರಳು.

— ಚೆನ್ನಾಗಿದೆ. ಆದರೆ ಒಂದು ತೂತು ಇದೆ. ನೀನು ತೇಗ ಕೆತ್ತುವಾಗ ನಿನ್ನ ಮುಂದೆ ಎರಕದ ಡ್ರಾಯಿಂಗ್ ಇರ್ತಿತ್ತು. ಹೊಶೇಯನ ಮುಂದೆ ಯಾವ ಡ್ರಾಯಿಂಗ್ ಇತ್ತು? ಅವನು ತನ್ನ ಪಾಡಿಗೆ ತನ್ನ ಜನರ ಸಂಕಟ ಹೇಳ್ತಿದ್ದ. ಅದು ನಿಮ್ಮ ಎರಕಕ್ಕೆ ಮರ ಆಗೋಕೆ ಹುಟ್ಟಿದ್ದಲ್ಲ.

— ಡ್ರಾಯಿಂಗ್ ಹೊಶೇಯನ ಹತ್ತಿರ ಇರಲಿಲ್ಲ, ದೇವರ ಹತ್ತಿರ ಇತ್ತು ಅಂತ ನಾವಂತೀವಿ.

— ಅದು ಉತ್ತರ ಅಲ್ಲ. ನಂಬಿಕೆ.

— ನಂಬಿಕೆಯೇ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಬರಲ್ಲ ಮೇಷ್ಟ್ರೇ.

— ಇಷ್ಟು ಒಪ್ಪಿದೆಯಲ್ಲ, ನಾನೂ ಒಂದು ಒಪ್ಪಿಕೊಳ್ತೀನಿ. ಅಲ್ಲಮ ನಮ್ಮ ಜಿಲ್ಲೆಯವನು, ಬಳ್ಳಿಗಾವಿ. ಅಕ್ಕ ಉಡುತಡಿಯವಳು. ವಚನಗಳು ಹನ್ನೆರಡನೇ ಶತಮಾನದವು. ಯಾವುದು ಯಾವಾಗ ಯಾರೆದುರು ಹುಟ್ಟಿತು ಅಂತ ಅವುಗಳ ಮೇಲೆ ಬರೆದಿಲ್ಲ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನ ಜೋಡಿಸಿ ಶೂನ್ಯಸಂಪಾದನೆ ಮಾಡಿದ. ಅಕ್ಕ ಕಲ್ಯಾಣಕ್ಕೆ ಬಂದಳು, ಅಲ್ಲಮ ಹೀಗೆ ಕೇಳಿದ, ಅವಳು ಹೀಗಂದಳು ಅಂತ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಇನ್ನಷ್ಟು ಬೆಳೆಸಿದ್ರು. ಒಂಟಿ ವಚನಕ್ಕೆ ಇನ್ನೂರೈವತ್ತು ವರ್ಷ ಆದ ಮೇಲೆ ಒಂದು ಸಂದರ್ಭ, ಒಬ್ಬ ಎದುರಾಳಿ ಸಿಕ್ಕಿದ. ಅದನ್ನ ನಾನು ಮೂವತ್ತು ವರ್ಷ ಪಾಠ ಹೇಳಿದೀನಿ, ಸುಳ್ಳು ಅಂತ ಒಂದು ದಿನವೂ ಅಂದಿಲ್ಲ. ಹಾಗಿರುವಾಗ ನಿಮ್ಮ ಮತ್ತಾಯನಿಗೆ ನಾನು ಹೇಗೆ ಬೈಯಲಿ?

— ಅಬ್ಬಾ, ಒಂದು ಮಾರ್ಕು ಕೊಟ್ರಿ.

— ತಾಳು, ಕಳೆಯೋದಿದೆ. ಶೂನ್ಯಸಂಪಾದನೆ ಕಟ್ಟಿದೋರು ಆ ವಚನಗಳ ಮನೆಯವರೇ. ಬೇರೆಯವರ ವಚನ ತಂದು, ಇದು ನಿಮಗೆ ಅರ್ಥವಾಗಿಲ್ಲ ಅಂತ ಅವರಿಗೇ ಹೇಳಲಿಲ್ಲ.

— ಆ ಏಟು ಬೀಳಬೇಕಾದದ್ದೇ. ಮೊದಲು ಮತ್ತಾಯ, ಪೌಲ ಎಲ್ಲ ಆ ಮನೆಯವರೇ. ಅಲ್ಲಿವರೆಗೆ ಅದು ಅಣ್ಣತಮ್ಮಂದಿರ ವಾದ. ಆಮೇಲೆ ಮನೆ ಬೇರೆಯಾಯ್ತು. ಮಾರ್ಸಿಯನ್ ಅಂತ ಒಬ್ಬ, ಯೆಹೂದ್ಯರ ಪುಸ್ತಕ ನಮಗೆ ಬೇಡವೇ ಬೇಡ ಅಂದ. ರೋಮಿನ ಸಭೆ 144ರಲ್ಲಿ ಅವನನ್ನೇ ಹೊರಗೆ ಹಾಕ್ತು. ಪ್ಯಾಟರ್ನ್ ಉಳೀತು, ಸಂತೋಷ. ಆದರೆ ಪ್ಯಾಟರ್ನಿನ ಯಜಮಾನರನ್ನ ಏನು ಮಾಡಿದ್ರು? ಸ್ಟ್ರಾಸ್‌ಬರ್ಗಿನ ದೊಡ್ಡ ಚರ್ಚಿನ ಬಾಗಿಲಲ್ಲಿ ಎರಡು ಹೆಣ್ಣಿನ ವಿಗ್ರಹ ಇದೆಯಂತೆ, ಅಣ್ಣ ಫೋಟೋ ತೋರಿಸಿದ್ದ. ಒಬ್ಬಳು ಕಿರೀಟ ಇಟ್ಟುಕೊಂಡ ಧರ್ಮಸಭೆ. ಇನ್ನೊಬ್ಬಳು ಯೆಹೂದ್ಯರ ಸಭೆ. ಕಣ್ಣಿಗೆ ಬಟ್ಟೆ, ಕೈಯಲ್ಲಿ ಮುರಿದ ಕೋಲು. ನಿಮ್ಮ ಪುಸ್ತಕ ನೀವೇ ಓದೋಕೆ ಬಾರದ ಕುರುಡರು ಅಂತ ಕಲ್ಲಿನಲ್ಲಿ ಕೆತ್ತಿದ್ದು. ಪ್ಯಾರಿಸ್ಸಿನಲ್ಲಿ 1242ರಲ್ಲಿ ಅವರ ತಾಲ್ಮುದ್ ಪ್ರತಿಗಳನ್ನ ಗಾಡಿಗಟ್ಟಲೆ ತಂದು ಸುಟ್ಟರು.

— ಈಗ?

— 1965ರಲ್ಲಿ ವ್ಯಾಟಿಕನ್ ಮಹಾಸಭೆ ಮಾತು ಬದಲಿಸ್ತು. 2001ರಲ್ಲಿ ಪೋಪರ ಬೈಬಲ್ ಆಯೋಗ ಒಂದು ಪುಸ್ತಿಕೆ ತಂದು, ಯೆಹೂದ್ಯರು ಈ ಗ್ರಂಥ ಓದೋ ರೀತಿಯೂ ಸಾಧ್ಯವಿರೋ ಒಂದು ಓದು ಅಂತ ಒಪ್ಪಿಕೊಂಡಿತು. ನಮ್ಮ ಶಾಪಿನಲ್ಲಿ ಎರಕ ಹೊರಗೆ ತೆಗೆಯೋಕೆ ಒಡೀತಿದ್ದದ್ದು ಮರಳಿನ ಅಚ್ಚನ್ನ. ಮರದ ಪ್ಯಾಟರ್ನಿಗೆ ಬಣ್ಣ ಬಳಿದು, ನಂಬರ್ ಬರೆದು ರ್‍ಯಾಕಿನ ಮೇಲಿಡ್ತಿದ್ವಿ. ಅದರಿಂದ ಇನ್ನೊಂದು ಎರಕ ಆಗಬಹುದು. ಐವತ್ಮೂರನೇ ಅಧ್ಯಾಯದಲ್ಲಿ ಯೆಶಾಯನ ಪುಸ್ತಕ ಒಬ್ಬ ನೊಂದ ಸೇವಕನ ಚಿತ್ರ ಕೊಡತ್ತೆ. ನಾವು ಶುಭ ಶುಕ್ರವಾರ ಅದನ್ನ ಓದ್ತೀವಿ, ಯೇಸುವೇ ಅಂತೀವಿ. ಹನ್ನೊಂದನೇ ಶತಮಾನದ ರಾಶಿ ಅನ್ನೋ ರಬ್ಬಿ ಅದನ್ನ ಇಸ್ರಯೇಲ್ ಜನಾಂಗ ಅಂತ ಓದಿದ. ಅವನ ಕಾಲದಲ್ಲೇ ಶಿಲುಬೆಯುದ್ಧದೋರು ರೈನ್ ನದಿ ತೀರದ ಯೆಹೂದ್ಯರನ್ನ ಕೊಂದಿದ್ರು, 1096ರಲ್ಲಿ. ಅವನ ಓದು ತಪ್ಪು ಅಂತ ಹೇಳೋಕೆ ನನಗೆ ನಾಲಿಗೆ ಏಳಲ್ಲ.

— ಬೈಬಲಿನಲ್ಲೇ ಯಾರೂ ಕೇಳಲಿಲ್ವಾ, ಇದು ಯಾರ ಬಗ್ಗೆ ಅಂತ?

— ಕೇಳಿದಾನೆ! ಪ್ರೇಷಿತರ ಕಾರ್ಯಕಲಾಪದಲ್ಲಿ ಇಥಿಯೋಪಿಯದ ಒಬ್ಬ ಅಧಿಕಾರಿ ರಥದಲ್ಲಿ ಕೂತು ಅದೇ ಭಾಗ ಓದ್ತಿರ್ತಾನೆ. ಫಿಲಿಪ್ಪ ಹತ್ತಿರ ಬಂದಾಗ, ಈ ಪ್ರವಾದಿ ಹೇಳ್ತಿರೋದು ತನ್ನ ಬಗ್ಗೆಯೋ ಬೇರೆಯವರ ಬಗ್ಗೆಯೋ ಅಂತ ಕೇಳ್ತಾನೆ. ಫಿಲಿಪ್ಪ ಅಲ್ಲಿಂದ ಶುರು ಮಾಡಿ ಯೇಸುವಿನ ವಿಷಯ ಹೇಳ್ತಾನೆ. ಪ್ರಶ್ನೆ ಮಾತ್ರ ಪುಸ್ತಕದಲ್ಲಿ ಹಂಗೇ ಉಳಿದಿದೆ.

— ನಿಮ್ಮಲ್ಲಿ ಎಲ್ಲರೂ ಎಲ್ಲ ಮಾತನ್ನೂ ಯೇಸುವಿಗೇ ಹಚ್ಚೋರಾ? ಇದು ಆ ಕಾಲದ್ದೇ ಅಂತ ಬಿಟ್ಟೋರು ಯಾರೂ ಇಲ್ವಾ?

— ಅಂತಿಯೋಕ್ಯ ಕಡೆಯ ಥಿಯೋಡೋರ್ ಇದ್ದ, ಮೊಪ್ಸುಯೆಸ್ತ್ಯದ ಬಿಷಪ್, 428ರಲ್ಲಿ ತೀರಿಕೊಂಡ. ಕೀರ್ತನೆಗಳಲ್ಲಿ ನಾಲ್ಕು ಮಾತ್ರ ಕ್ರಿಸ್ತನದು, ಪ್ರವಾದಿಗಳ ಹೆಚ್ಚಿನ ಮಾತು ಅವರವರ ಕಾಲದ್ದು ಅಂದ. ಸತ್ತು ನೂರಿಪ್ಪತ್ತೈದು ವರ್ಷ ಆದ ಮೇಲೆ, 553ರಲ್ಲಿ, ಅವನನ್ನ ಪಾಷಂಡಿ ಅಂದ್ರು. ಆದರೆ ಪೂರ್ವದ ಸಿರಿಯಾಕ್ ಸಭೆಯೋರು ಅವನನ್ನ ವ್ಯಾಖ್ಯಾನಕಾರ ಅಂತಲೇ ಕರೆದ್ರು. ಕೇರಳದ ಸಿರೋ ಮಲಬಾರ್ ಸಭೆಯ ಬೇರು ಅದೇ ಸಿರಿಯಾಕ್. ಅವರ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ ಆಯ್ತಲ್ಲ.

— ಅಂದ್ರೆ ಪಾಷಂಡಿಯ ಮೊಮ್ಮಕ್ಕಳು ಭದ್ರಾವತಿಯಲ್ಲಿದಾರೆ ಅನ್ನು!

— ಅವರೆದುರು ಹಂಗೆ ಅನ್ನಬೇಡಿ. ಆ ಓದು ಅವರಲ್ಲೂ ಉಳಿದಿಲ್ಲ. 1599ರ ಉದಯಂಪೇರೂರ್ ಸಿನೊಡ್ ಆದ ಮೇಲೆ ಪೋರ್ಚುಗೀಸರು ಹಳೇ ಸಿರಿಯಾಕ್ ಪುಸ್ತಕ ಬಹಳ ಸುಟ್ಟುಹಾಕಿದ್ರು. ನನ್ನ ಜೊತೆ ಮೋಲ್ಡಿಂಗಿನಲ್ಲಿದ್ದ ಮಲಯಾಳಿಗೆ ಥಿಯೋಡೋರ್ ಹೆಸರು ಹೇಳಿದ್ರೆ, ಯಾವ ಬ್ಯಾಚು ಅಂತ ಕೇಳಿದ.

— ನನ್ನ ಅಳಿಯ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ಪಾಸ್ಟರು, ಯೆಹೆಜ್ಕೇಲ ಹೇಳಿದ ಗೋಗ ಅಂದ್ರೆ ರಷ್ಯಾ ಅಂತ ನಕ್ಷೆ ಹಾಕಿ ವಿವರಿಸ್ತಿದ್ರು.

— ಅದು ನಿಮ್ಮ ಮೈಲಾರದ ಸಂಜೆ. ದಾನಿಯೇಲನ ವಾರಗಳನ್ನ ಕೂಡಿ ಕಳೆದು ಲೋಕಾಂತ್ಯದ ಇಸವಿ ಹೇಳಿದೋರು ನೂರಾರು ಜನ. ಲೋಕ ಇನ್ನೂ ಇದೆ. ಯೆಹೂದ್ಯರು ದಾನಿಯೇಲನನ್ನ ಪ್ರವಾದಿಗಳ ಸಾಲಲ್ಲೇ ಕೂರಿಸಿಲ್ಲ, ಬೇರೆ ಬರಹಗಳ ಜೊತೆ ಇಟ್ಟಿದಾರೆ. ಪ್ರವಾದಿಗಳನ್ನ ಕಡೆಗೆ ತಂದು, ಮಲಾಕಿಯ ಮುಗಿದ ಪುಟ ತಿರುವಿದ್ರೆ ಮತ್ತಾಯ ಬರೋ ಹಾಗೆ ಜೋಡಿಸಿದೋರು ನಾವು. ಅವರ ಬೈಬಲ್ ಮುಗಿಯೋದು ಪೂರ್ವಕಾಲ ವೃತ್ತಾಂತದಲ್ಲಿ. ಪರ್ಷಿಯದ ರಾಜ ಸೈರಸ್, ಊರಿಗೆ ಹೋಗೋರು ಹೋಗಿ ಅಂತ ಹೇಳೋ ಜಾಗ.

— ಅದೇ ಪುಸ್ತಕಗಳು, ಜೋಡಣೆ ಬೇರೆ. ನಿಮ್ಮ ಪ್ರಕಾರ ಕಾಯ್ತಾ ಇರೋ ಕಥೆ. ಅವರ ಪ್ರಕಾರ ಮನೆಗೆ ಹೋಗೋ ಕಥೆ.

— ಇನ್ನೊಂದು ಹೇಳ್ತೀನಿ. ಯೆಶಾಯನ ಪುಸ್ತಕ ಮೆಸ್ಸೀಯ ಅಂತ, ಅಭಿಷಿಕ್ತ ಅಂತ, ಹೆಸರು ಹಿಡಿದು ಕರೆಯೋದು ಒಬ್ಬನನ್ನೇ. ಆ ಸೈರಸ್‌ನನ್ನ! ಬೇರೆ ದೇವರ ಭಕ್ತ, ಹೊರದೇಶದ ರಾಜ. ಇದನ್ನ ಓದುವಾಗ ಮಾತ್ರ ನಮ್ಮ ಜನ ಯೇಸು ಅನ್ನಲ್ಲ.

(ಹೆಂಡತಿ ಚಹಾ ತರುತ್ತಾಳೆ. ರಾಗಿ ತಟ್ಟೆಗೆ ಚಿಮುಕಿಸುವ ನೀರಿನ ಚೊಂಬು ಇನ್ನೊಂದು ಕೈಯಲ್ಲಿ.)

— ತಗೊಳ್ಳಿ ಮೇಷ್ಟ್ರೇ, ಶುಂಠಿ ಹಾಕಿದೀನಿ. ಸೆಪ್ಟೆಂಬರಿನ ವಾಚನದ ಕಥೆ ಹೇಳಿದ್ರಾ ಇವರು?

— ಇಲ್ಲಮ್ಮ. ಎಂತದು?

— ನಾನೇ ಹೇಳ್ತೀನಿ. ಪ್ರವಾದಿ ಆಮೋಸನ ಎಂಟನೇ ಅಧ್ಯಾಯ ಬಿತ್ತು. ಅವನು ತೆಕೋವದ ದನ ಕಾಯೋನು, ಅತ್ತಿ ಹಣ್ಣು ಗೀರೋ ಕೆಲಸ. ನಾನು ಪ್ರವಾದಿಯಲ್ಲ, ಪ್ರವಾದಿ ಮಗನೂ ಅಲ್ಲ ಅಂತ ಮುಖಕ್ಕೆ ಹೇಳಿದವನು. ಆ ಅಧ್ಯಾಯದಲ್ಲಿ ವ್ಯಾಪಾರಿಗಳಿಗೆ ಬೈತಾನೆ. ಹಬ್ಬ ಯಾವಾಗ ಮುಗಿಯತ್ತೆ, ಯಾವಾಗ ಅಂಗಡಿ ತೆರೆಯೋದು ಅಂತ ಕಾಯ್ತೀರಿ. ಅಳತೆ ಪಾತ್ರೆ ಕಿರಿದು ಮಾಡ್ತೀರಿ, ತೂಕದ ಕಲ್ಲು ಹಿರಿದು ಮಾಡ್ತೀರಿ, ತಕ್ಕಡಿಯಲ್ಲಿ ಮೋಸ ಮಾಡ್ತೀರಿ, ಕಾಳಿನ ಜೊತೆ ಹೊಟ್ಟು ಮಾರ್ತೀರಿ. ನಾನು ಓದ್ತಾ ತಲೆ ಎತ್ತಿದೆ. ಮುಂದಿನ ಬೆಂಚಿನಲ್ಲಿ ಶುಂಠಿ ಕೊಳ್ಳೋ ಇಬ್ಬರು, ಅಡಿಕೆ ಕೊಳ್ಳೋ ಒಬ್ಬರು. ಒದ್ದೆ ಶುಂಠಿ ಅಂತ ಮೂಟೆಗೆ ಎಷ್ಟು ಕಿಲೋ ಮುರೀತಾರೆ ಅಂತ ನನಗೆ ಗೊತ್ತು; ನನ್ನದೇ ಹತ್ತು ಮೂಟೆ ಹಾಕಿದ್ದೆ. ಗಂಟಲು ಒಂದು ಕ್ಷಣ ಕಟ್ಟಿತು.

— ಅವರು?

— ಎಲ್ಲರ ಜೊತೆ 'ದೇವರಿಗೆ ಕೃತಜ್ಞತೆ ಸಲ್ಲಲಿ' ಅಂದ್ರು.

— ಅದಕ್ಕೇ ಅವತ್ತು ಮನೆಗೆ ಬಂದು ನಾನು ಇವರಿಗೆ ಹೇಳಿದೆ ಮೇಷ್ಟ್ರೇ. ಇಮ್ಮಾನುವೇಲ ಅಂತ ಬಂದ್ರೆ ಅದು ನಮ್ಮದು, ನಮ್ಮ ಯೇಸು ಸ್ವಾಮಿ ಅಂತೀರಿ. ತಕ್ಕಡಿ ಅಂತ ಬಂದ್ರೆ ಅದು ಇಸ್ರಯೇಲ್ಯರದ್ದು, ಆ ಕಾಲದ್ದು ಅಂತೀರಿ. ಆಶೀರ್ವಾದಕ್ಕೆ ಮಾತ್ರ ವಾರಸುದಾರರಾ ಅಂತ.

— ಏನು ಹೇಳಿದ ಇವನು?

— ಊಟಕ್ಕೆ ಬಡಿಸು ಅಂದ್ರು.

— (ನಗು) ಅಲ್ಲಮ್ಮ, ನಿನ್ನನ್ನ ಪಾಠಕ್ಕೆ ಕರೀಬೇಕಿತ್ತು ನಾನು. ನೋಡೋ, ನಿನ್ನ ಡ್ರಾಯಿಂಗ್ ಯಾರ ಹತ್ತಿರ ಇತ್ತು ಅನ್ನೋ ಪ್ರಶ್ನೆ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಆ ಬೈಗುಳ ಓದುವಾಗ ನಿನ್ನ ಗಂಟಲು ಕಟ್ಟಿತಲ್ಲ, ಅಲ್ಲಿ ನನಗೆ ಯಾವ ತಕರಾರೂ ಇಲ್ಲ. ಆಮೋಸ ಕನ್ನಡದಲ್ಲಿ, ಶುಂಠಿ ಮೂಟೆ ಲೆಕ್ಕದಲ್ಲೇ ಮಾತಾಡಿದಾನೆ.

— ಆಮೇಲೆ ಒಂದು ತಮಾಷೆ. ಶುಂಠಿ ಕೊಳ್ಳೋ ಒಬ್ಬರು ಹೊರಗೆ ಸಿಕ್ಕು, ಇವತ್ತು ಬಹಳ ಚೆನ್ನಾಗಿ ಓದಿದಿರಿ ಅಂದ್ರು.

— ನಾಳೆ ಏನು ಮಾಡ್ತೀಯ? ಹದಿನಾಲ್ಕಕ್ಕೇ ನಿಲ್ಲಿಸ್ತೀಯೋ, ಮೊಸರು ಜೇನು ತನಕ ಓದ್ತೀಯೋ?

— ಹದಿನಾಲ್ಕಕ್ಕೇ. ಓದೋ ಪುಸ್ತಕದಲ್ಲಿ ಅಷ್ಟೇ ಅಚ್ಚಾಗಿದೆ. ಆದರೆ ಆಹಾಜನ ಹೆಸರು ಬರುವಾಗ ಕೊಂಚ ನಿಧಾನವಾಗಿ ಓದ್ತೀನಿ.

— ಸಾಗರ ಕಡೆಯ ಬಸ್ಸಿನ ಸದ್ದಲ್ವಾ ಅದು? ನಾನು ಹೊರಡ್ತೀನಿ. ಈ ಎತ್ತನ್ನ ಎಲ್ಲಿ ನಿಲ್ಲಿಸಲಿ?

— ಅಲ್ಲೇ ಹುಲ್ಲಿನ ಪಕ್ಕ ಮಲಗಿಸಿ. ಕೊಂಬಿಗೆ ಇವತ್ತು ಅಂಟು ಹಾಕ್ತೀನಿ, ಒಣಗೋಕೆ ಒಂದು ರಾತ್ರಿ ಬೇಕು.

— ಏ, ತಟ್ಟೆ ಮೇಲೆ ಇಡಬೇಡಿ ಮೇಷ್ಟ್ರೇ, ಪೈರು ಮುರಿಯತ್ತೆ.